‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಬಾರದಂತೆ ಲಿಖಿತ ಪ್ರಶ್ನೆ ಬರೆಯುವುದು ಹೇಗೆ?

ವಿಧಾನಸಭೆಯ ಉತ್ತರ ಪತ್ರ ಒಂದು ಹಾಳೆ. ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ಸಚಿವರು, ಉತ್ತರಿಸುವ ದಿನಾಂಕ. ಕೆಳಗೆ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯ ‘ಅ’ ಭಾಗದ ಎದುರು ‘ಇಲ್ಲ’ ಎಂದಿರುತ್ತದೆ. ‘ಆ’, ‘ಇ’, ‘ಈ’ ಮೂರನ್ನೂ ಸೇರಿಸಿ ‘ಉದ್ಭವಿಸುವುದಿಲ್ಲ’ ಎಂದು ಒಂದೇ ಪದ, ಅಂದರೆ ಮೊದಲನೆಯದಕ್ಕೇ ‘ಇಲ್ಲ’ ಎಂದ ಮೇಲೆ ಉಳಿದ ಪ್ರಶ್ನೆಗಳು ಏಳುವುದೇ ಇಲ್ಲ. ಎರಡು ವಾರ ಕಾದು ಪಡೆದ ಉತ್ತರ ಅಲ್ಲಿಗೆ ಮುಗಿಯಿತು. ಇಂಥ ಹಾಳೆಗಳು ಪ್ರತಿ ಅಧಿವೇಶನದಲ್ಲೂ ಬರುತ್ತವೆ. ಬಹಳಷ್ಟು ಸಲ ತಪ್ಪು ಬಲಗಡೆ ಅಂಕಣದಲ್ಲಿಲ್ಲ, ಎಡಗಡೆಯಲ್ಲೇ ಇರುತ್ತದೆ.

ಹೊಸ ಶಾಸಕರು, ಅವರ ಆಪ್ತ ಸಹಾಯಕರು, ಊರಿನ ಆಸ್ಪತ್ರೆ, ಬಸ್ಸು, ಕೋರ್ಟಿನ ಸಮಸ್ಯೆ ಹಿಡಿದು ಶಾಸಕರ ಮನೆಗೆ ಹೋಗುವ ಸಂಘಟನೆಯವರು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಎಂದು ಈ ವಿಧಾನ.

1. ಚುಕ್ಕೆ ಬೇಕೋ ಬೇಡವೋ

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಅಂಕಿಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯನ್ನೇ ಹಾಕಿ. ಅಂಕಿಅಂಶ ಕೈಗೆ ಬಂದ ಮೇಲೆ, ಅದನ್ನು ಆಧರಿಸಿ ಮುಂದಿನ ಅಧಿವೇಶನದಲ್ಲಿ ಚುಕ್ಕೆ ಪ್ರಶ್ನೆ ಹಾಕುವುದೇ ಸರಿಯಾದ ಕ್ರಮ. ಲೆಕ್ಕವಿಲ್ಲದೆ ಚುಕ್ಕೆ ಪ್ರಶ್ನೆಗೆ ಇಳಿದವರ ಉಪಪ್ರಶ್ನೆ ಭಾಷಣವಾಗಿಬಿಡುತ್ತದೆ.

2. ಯಾವ ಇಲಾಖೆ?

ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಯಾವ ವಿಷಯ ಯಾವ ಇಲಾಖೆಯದು ಎಂಬುದು ಕರ್ನಾಟಕ ಸರ್ಕಾರದ 1977ರ ಕಾರ್ಯ ಹಂಚಿಕೆ ನಿಯಮಗಳಲ್ಲಿದೆ. ಅದರ ತಿದ್ದುಪಡಿಯಾದ ಪ್ರತಿ ಕಚೇರಿಯಲ್ಲಿರಲಿ.

ಆರೋಗ್ಯದಲ್ಲಿ ಎರಡು ಇಲಾಖೆಗಳಿವೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜಯದೇವ, ಕಿದ್ವಾಯಿ ವೈದ್ಯಕೀಯ ಶಿಕ್ಷಣದ ಕಡೆಗೆ ಬರುತ್ತವೆ. ಕಾಲೇಜು ಬಂದ ಊರುಗಳಲ್ಲಿ ಹಳೆಯ ಜಿಲ್ಲಾಸ್ಪತ್ರೆ ಯಾರ ಕೈಯಲ್ಲಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಿಮ್ಹಾನ್ಸ್ ಕೇಂದ್ರದ ಸಂಸ್ಥೆ, ಅದರ ಪ್ರಶ್ನೆ ಸಂಸದರ ಮೂಲಕವೇ ಹೋಗಬೇಕು.

ಸಾರಿಗೆಯಲ್ಲಿ ನಿಗಮಗಳು ನಾಲ್ಕು: ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ಕಲಬುರಗಿಯ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ‘ಕೆಎಸ್‌ಆರ್‌ಟಿಸಿಯಲ್ಲಿ ಎಷ್ಟು ಚಾಲಕರ ಹುದ್ದೆ ಖಾಲಿ’ ಎಂದು ಕೇಳಿದರೆ ಒಂದೇ ನಿಗಮದ ಲೆಕ್ಕ ಬರುತ್ತದೆ, ಅದನ್ನೇ ಇಡೀ ರಾಜ್ಯದ್ದೆಂದು ಓದಿ ಹೇಳಿಕೆ ಕೊಟ್ಟುಬಿಡುತ್ತಾರೆ. ‘ನಾಲ್ಕೂ ಸಾರಿಗೆ ನಿಗಮಗಳಲ್ಲಿ, ನಿಗಮವಾರು’ ಎಂದು ಬರೆಯಿರಿ. ಚಾಲನಾ ಪರವಾನಗಿ, ವಾಹನ ನೋಂದಣಿ ಸಾರಿಗೆ ಆಯುಕ್ತರ ಕಡೆಯದು. ಟ್ರಾಫಿಕ್ ಪೊಲೀಸ್ ಗೃಹ ಇಲಾಖೆ, ಮೆಟ್ರೊ ನಗರಾಭಿವೃದ್ಧಿ, ರೈಲು ಮತ್ತು ರಾಷ್ಟ್ರೀಯ ಹೆದ್ದಾರಿ ಕೇಂದ್ರ.

ನ್ಯಾಯದ ವಿಷಯ ಇನ್ನೂ ಹರಡಿಕೊಂಡಿದೆ. ಕಾರಾಗೃಹ, ವಿಧಿವಿಜ್ಞಾನ ಪ್ರಯೋಗಾಲಯ ಗೃಹ ಇಲಾಖೆಗೆ ಸೇರಿವೆ. ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯದು. ಕೋರ್ಟು ಎಂಬ ಹೆಸರು ಕಂಡ ಕೂಡಲೇ ಕಾನೂನು ಸಚಿವರ ಹೆಸರು ಬರೆಯಬೇಡಿ.

3. ಉತ್ತರದ ಕೋಷ್ಟಕವನ್ನು ಮೊದಲು ಗೀಚಿ

ಪ್ರಶ್ನೆ ಬರೆಯಲು ಕೂತವರು ಪ್ರಶ್ನೆಯಿಂದ ಶುರು ಮಾಡಬಾರದು. ಖಾಲಿ ಹಾಳೆಯ ಮೇಲೆ, ನಿಮಗೆ ಬರಬೇಕಾದ ಉತ್ತರದ ಕೋಷ್ಟಕವನ್ನು ಎಳೆಯಿರಿ. ಅಡ್ಡ ಸಾಲುಗಳು ಏನು, ಊರೋ ಆಸ್ಪತ್ರೆಯೋ ಡಿಪೋವೋ? ಅಂಕಣಗಳು ಯಾವುವು? ಯಾವ ದಿನಾಂಕದ ಲೆಕ್ಕ? ಈ ಮೂರು ಖಚಿತವಾದ ಮೇಲೆ ಅದೇ ಅಂಕಣಗಳ ಹೆಸರನ್ನು ಪ್ರಶ್ನೆಯೊಳಗೆ ಬರೆದರಾಯಿತು. ‘ಪೂರ್ಣ ವಿವರ ನೀಡುವುದು’ ಎಂದು ಬರೆದರೆ, ಎಷ್ಟು ಕೊಟ್ಟರೆ ಪೂರ್ಣ ಎಂಬುದನ್ನು ಇಲಾಖೆಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರು ತೀರ್ಮಾನಿಸುತ್ತಾರೆ.

ಒಂದು ಉದಾಹರಣೆ ನೋಡಿ. ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು;
ಇ) ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?

ಇದಕ್ಕೆ ಬರುವ ಉತ್ತರವನ್ನು ಮೊದಲೇ ಬರೆದಿಡಬಹುದು: ‘ಬಂದಿದೆ. ಗುತ್ತಿಗೆ ಆಧಾರದ ಮೇಲೆ ವೈದ್ಯರನ್ನು ನೇಮಿಸಿಕೊಳ್ಳಲಾಗುತ್ತಿದೆ. ಹಂತ ಹಂತವಾಗಿ ಭರ್ತಿ ಮಾಡಲಾಗುವುದು.’ ಇದರಲ್ಲಿ ಸುಳ್ಳಿಲ್ಲ, ಮಾಹಿತಿಯೂ ಇಲ್ಲ. ಅದನ್ನೇ ಹೀಗೆ ತಿದ್ದಿ:

ಅ) 31-3-2025ರಂದು ಇದ್ದಂತೆ, ತಾಲ್ಲೂಕಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು, ಶುಶ್ರೂಷಕರು ಹಾಗೂ ಪ್ರಯೋಗಶಾಲಾ ತಂತ್ರಜ್ಞರ ಮಂಜೂರಾದ ಹುದ್ದೆಗಳೆಷ್ಟು; ಕಾಯಂ ಆಗಿ ಭರ್ತಿಯಾದವು, ಗುತ್ತಿಗೆ ಮತ್ತು ಹೊರಗುತ್ತಿಗೆಯಲ್ಲಿರುವವು, ಖಾಲಿ ಇರುವವು ಎಷ್ಟು (ಕೇಂದ್ರವಾರು);
ಆ) ಈ ಕೇಂದ್ರಗಳ ಸಿಬ್ಬಂದಿಯಲ್ಲಿ ಅದೇ ದಿನ ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿದ್ದವರೆಷ್ಟು; ನಿಯೋಜನೆ ಆದೇಶದ ದಿನಾಂಕ ಯಾವುದು (ಕೇಂದ್ರವಾರು);
ಇ) ಈ ಕೇಂದ್ರಗಳ ಪ್ರತಿ ಖಾಲಿ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ;
ಈ) ಇವುಗಳ ಭರ್ತಿಗೆ ಆರ್ಥಿಕ ಇಲಾಖೆಗೆ ಪ್ರಸ್ತಾವನೆ ಸಲ್ಲಿಸಿದ ದಿನಾಂಕ ಯಾವುದು; ಪ್ರಸ್ತಾವನೆ ಈಗ ಯಾವ ಹಂತದಲ್ಲಿದೆ?

ಬದಲಾದದ್ದು ಇಷ್ಟೇ: ‘ಗಮನಕ್ಕೆ ಬಂದಿದೆಯೇ’ ಹೋಯಿತು. ‘ಬಂದಿದ್ದಲ್ಲಿ’, ‘ಹಾಗಿದ್ದಲ್ಲಿ’ ಎಂಬ ಕೊಂಡಿ ಕಳಚಿತು. ನಾಲ್ಕೂ ಉಪಭಾಗ ತಮ್ಮ ಕಾಲ ಮೇಲೆ ನಿಂತಿವೆ. ಒಂದಕ್ಕೆ ‘ಇಲ್ಲ’ ಎಂದರೂ ಉಳಿದ ಮೂರಕ್ಕೆ ಉತ್ತರ ಕೊಡಲೇಬೇಕು. ‘ಆ’ ಭಾಗವನ್ನು ಎಂದೂ ಬಿಡಬೇಡಿ. ನಿಯೋಜನೆಯ ಮೇಲೆ ಜಿಲ್ಲಾ ಕೇಂದ್ರದಲ್ಲಿ ಕೂತ ವೈದ್ಯರ ಸಂಬಳದ ಹುದ್ದೆ ಹಳ್ಳಿಯಲ್ಲೇ ಇರುತ್ತದೆ, ಕಾಗದದಲ್ಲಿ ಅದು ‘ಭರ್ತಿ’. ಹಳ್ಳಿಯ ಜನ ‘ಡಾಕ್ಟರೇ ಇಲ್ಲ’ ಎನ್ನುವುದೂ ನಿಜ, ಇಲಾಖೆ ‘ಖಾಲಿ ಇಲ್ಲ’ ಎನ್ನುವುದೂ ನಿಜ. ಎರಡರ ನಡುವಿನ ಅಂತರ ಆ ಒಂದು ಅಂಕಣದಲ್ಲಿದೆ.

ಕಾಲಾವಧಿ ಬರೆಯುವಾಗ ‘ಕಳೆದ ಮೂರು ವರ್ಷಗಳಲ್ಲಿ’ ಎನ್ನಬೇಡಿ. ಆರ್ಥಿಕ ವರ್ಷವೋ ಕ್ಯಾಲೆಂಡರ್ ವರ್ಷವೋ ತಿಳಿಯದೆ ಒಂದು ಜಿಲ್ಲೆ ಒಂದು ರೀತಿ, ಇನ್ನೊಂದು ಜಿಲ್ಲೆ ಇನ್ನೊಂದು ರೀತಿ ಲೆಕ್ಕ ಕಳಿಸುತ್ತದೆ. ಕೂಡಿಸಿದರೆ ತಾಳೆಯಾಗದು. ‘2022-23, 2023-24, 2024-25ನೇ ಸಾಲಿನಲ್ಲಿ, ವರ್ಷವಾರು’ ಎಂದು ಬಿಡಿಸಿ ಬರೆಯಿರಿ. ಐದು ವರ್ಷಕ್ಕಿಂತ ಹಿಂದಕ್ಕೆ ಹೋಗಬೇಡಿ. ಹಳೆಯ ಕಡತ ಹುಡುಕಬೇಕಾದಾಗಲೇ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬರುವುದು.

ಹಣದ ಪ್ರಶ್ನೆಯಲ್ಲಿ ‘ಎಷ್ಟು ಅನುದಾನ ನೀಡಲಾಗಿದೆ’ ಎಂಬ ಒಂದೇ ಮಾತು ಸಾಲದು. ಹಂಚಿಕೆ, ಬಿಡುಗಡೆ, ವೆಚ್ಚ ಬೇರೆ ಬೇರೆ. ಮೂರನ್ನೂ ಕೇಳಿ, ಲೆಕ್ಕ ಶೀರ್ಷಿಕೆಯನ್ನೂ (ಬಜೆಟ್‌ನಲ್ಲಿ ಆ ವೆಚ್ಚಕ್ಕೆ ಕೊಟ್ಟ ಸಂಖ್ಯೆ) ಹೇಳಿ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ 2210, ಅದರ ಬಂಡವಾಳ ವೆಚ್ಚಕ್ಕೆ 4210, ರಸ್ತೆ ಸಾರಿಗೆಗೆ 3055 ಮತ್ತು 5055, ನ್ಯಾಯಾಡಳಿತಕ್ಕೆ 2014, ಕಾರಾಗೃಹಕ್ಕೆ 2056. ಶೀರ್ಷಿಕೆ ಹಾಕಿದ ಪ್ರಶ್ನೆಗೆ ಬಂದ ಉತ್ತರವನ್ನು ಬಜೆಟ್ ಪುಸ್ತಕದೊಂದಿಗೆ ನೀವೇ ತಾಳೆ ನೋಡಬಹುದು. ಪ್ರಶ್ನೆ ಕೇಳಿದವರು ಲೆಕ್ಕ ಬಲ್ಲವರು ಎಂಬುದು ಉತ್ತರ ಬರೆಯುವವರಿಗೂ ಗೊತ್ತಾಗುತ್ತದೆ.

ಬಸ್ಸಿನ ಪ್ರಶ್ನೆಯಲ್ಲಿ ಏನು ಕೇಳಬೇಕು

‘ನಮ್ಮೂರಿಗೆ ಎಷ್ಟು ಬಸ್ ಓಡುತ್ತಿವೆ’ ಎಂಬ ಪ್ರಶ್ನೆಗೆ ಅನುಸೂಚಿಗಳ (ಒಂದು ಬಸ್ಸಿನ ದಿನದ ಓಡಾಟದ ಪಟ್ಟಿ) ಸಂಖ್ಯೆ ಬರುತ್ತದೆ. ಒಂದು ಅನುಸೂಚಿಯಲ್ಲಿ ಹಲವು ಟ್ರಿಪ್‌ಗಳಿರುತ್ತವೆ. ಬಸ್ಸು, ಚಾಲಕ ಕೊರತೆಯಾದಾಗ ಕಡಿತವಾಗುವುದು ಟ್ರಿಪ್. ಸಂಜೆ ಶಾಲೆ ಬಿಟ್ಟ ಮಕ್ಕಳು ನಿಲ್ದಾಣದಲ್ಲಿ ಕಾಯುವುದು ಆ ಟ್ರಿಪ್ಪಿಗೆ. ಆದ್ದರಿಂದ ಡಿಪೋ ಹೆಸರು, ಮಾರ್ಗ, ತಿಂಗಳು ಹೇಳಿ, ‘ನಿಗದಿಯಾದ ಟ್ರಿಪ್‌ಗಳೆಷ್ಟು, ವಾಸ್ತವವಾಗಿ ಓಡಿದವು ಎಷ್ಟು, ರದ್ದಾದವು ಎಷ್ಟು, ರದ್ದತಿಗೆ ಕಾರಣವೇನು’ ಎಂದು ಕೇಳಿ. ಕಾರಣವನ್ನು ಚಾಲಕ/ನಿರ್ವಾಹಕರ ಕೊರತೆ, ವಾಹನ ಕೊರತೆ, ದಾರಿಯಲ್ಲಿ ಕೆಟ್ಟು ನಿಂತದ್ದು, ಇತರೆ ಎಂದು ನೀವೇ ವಿಂಗಡಿಸಿ ಕೊಡಿ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಬಗ್ಗೆ ಪ್ರಯಾಣಿಕರ ಸಂಖ್ಯೆ ಕೇಳಿ ಸುಮ್ಮನಾಗುವುದು ಸಾಲದು. ಶೂನ್ಯ ಟಿಕೆಟ್‌ಗಳ ಒಟ್ಟು ಮೌಲ್ಯ, ನಿಗಮ ಸರ್ಕಾರಕ್ಕೆ ಸಲ್ಲಿಸಿದ ಬೇಡಿಕೆ, ಸರ್ಕಾರ ಪಾವತಿಸಿದ ಮೊತ್ತ, ಬಾಕಿ ಎಂಬ ನಾಲ್ಕು ಅಂಕಣ, ನಿಗಮವಾರು ಹಾಗೂ ತಿಂಗಳುವಾರು ಬೇಕು.

ನ್ಯಾಯಾಲಯದ ಪ್ರಶ್ನೆ ತಿರಸ್ಕೃತವಾಗುವುದೇಕೆ

ಸಂವಿಧಾನದ 211ನೇ ವಿಧಿಯ ಪ್ರಕಾರ ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಕರ್ತವ್ಯ ನಿರ್ವಹಣೆಯ ಬಗ್ಗೆ ರಾಜ್ಯ ಶಾಸನಸಭೆಯಲ್ಲಿ ಚರ್ಚೆ ಮಾಡುವಂತಿಲ್ಲ. 235ನೇ ವಿಧಿಯ ಪ್ರಕಾರ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಹೈಕೋರ್ಟಿನದು. ವಿಚಾರಣೆಯಲ್ಲಿರುವ ಮೊಕದ್ದಮೆಯ ವಿವರವನ್ನೂ ಕೇಳುವಂತಿಲ್ಲ. ‘ಪ್ರಕರಣಗಳು ಯಾಕೆ ವರ್ಷಗಟ್ಟಲೆ ಬಾಕಿ ಇವೆ’ ಎಂಬ ಪ್ರಶ್ನೆ ಹೀಗಾಗಿಯೇ ವಾಪಸು ಬರುತ್ತದೆ. ಬಾಕಿ ಪ್ರಕರಣಗಳ ಸಂಖ್ಯೆಯಂತೂ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಜಿಲ್ಲಾವಾರು ಎಲ್ಲರಿಗೂ ಸಿಗುತ್ತದೆ. ಬಹಿರಂಗವಾಗಿ ಸಿಗುವುದನ್ನು ಕೇಳಿ ಪ್ರಶ್ನೆ ಹಾಳುಮಾಡಿಕೊಳ್ಳಬೇಡಿ.

ಸರ್ಕಾರ ಏನು ಮಾಡಬೇಕಿತ್ತೋ ಅದನ್ನು ಕೇಳಿ. ಹೊಸ ನ್ಯಾಯಾಲಯ, ಕಟ್ಟಡ, ಸಿಬ್ಬಂದಿಗಾಗಿ ಹೈಕೋರ್ಟಿನಿಂದ ಬಂದ ಪ್ರಸ್ತಾವನೆಗಳೆಷ್ಟು, ಬಂದ ದಿನಾಂಕ, ಮಂಜೂರಾತಿ ಆದೇಶದ ದಿನಾಂಕ, ಇನ್ನೂ ಬಾಕಿ ಇರುವುದೆಷ್ಟು? ಸರ್ಕಾರಿ ಅಭಿಯೋಜಕರ ಮಂಜೂರಾದ ಮತ್ತು ಖಾಲಿ ಹುದ್ದೆಗಳೆಷ್ಟು, ಒಬ್ಬ ಅಭಿಯೋಜಕರಿಗೆ ಎಷ್ಟು ನ್ಯಾಯಾಲಯಗಳ ಹೊಣೆ? ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬಂದ ಮಾದರಿಗಳೆಷ್ಟು, ಆರು ತಿಂಗಳು ದಾಟಿದರೂ ವರದಿ ಆಗದವು ಎಷ್ಟು? ಇವೆಲ್ಲ ಸರ್ಕಾರದ ಕೈಯಲ್ಲಿರುವ ಲೆಕ್ಕ, ತಿರಸ್ಕರಿಸಲು ಕಾರಣ ಸಿಗದು.

ಸಂತ್ರಸ್ತರ, ರೋಗಿಗಳ, ಮಕ್ಕಳ ಹೆಸರನ್ನು ಯಾವ ಕಾರಣಕ್ಕೂ ಪ್ರಶ್ನೆಯಲ್ಲಿ ಬರೆಯಬೇಡಿ. ಪ್ರಶ್ನೋತ್ತರ ಸದನದ ದಾಖಲೆಯಾಗಿ ಉಳಿಯುತ್ತದೆ, ಜಾಲತಾಣಕ್ಕೂ ಹೋಗುತ್ತದೆ.

4. ಕತ್ತರಿಸಿ

ಲೋಕಸಭೆಯ ನಿಯಮದಲ್ಲಿ ಒಂದು ಪ್ರಶ್ನೆಗೆ 150 ಪದಗಳ ಮಿತಿ ಇದೆ. ವಿಧಾನಸಭೆಗೆ ಬರೆಯುವಾಗಲೂ ಅದನ್ನೇ ಅಳತೆಯಾಗಿಟ್ಟುಕೊಳ್ಳಿ. ಉಪಭಾಗ ನಾಲ್ಕು, ಹೆಚ್ಚೆಂದರೆ ಐದು. ವಾದ, ಊಹೆ, ಆರೋಪ, ಕುಹಕ, ವಿಶೇಷಣ ಇದ್ದರೆ ತೆಗೆಯಿರಿ. ‘ನಿರ್ಲಕ್ಷ್ಯದಿಂದಾಗಿ’, ‘ಬೇಜವಾಬ್ದಾರಿಯಿಂದ’ ಎಂಬ ಪದ ಉಳಿದರೆ ಪ್ರಶ್ನೆ ತಿರಸ್ಕೃತವಾಗಬಹುದು. ‘ಸರ್ಕಾರದ ಅಭಿಪ್ರಾಯವೇನು’ ಎಂಬುದೂ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಿದ್ಧ ಕರಡುಗಳನ್ನು ನಂಬಬೇಡಿ. ಒಂದೇ ಕರಡನ್ನು ಹತ್ತು ಶಾಸಕರ ಕಡೆಯವರು ಊರ ಹೆಸರು ಬದಲಿಸಿ ಹಾಕಿರುತ್ತಾರೆ, ಬರುವ ಉತ್ತರವೂ ಊರ ಹೆಸರು ಬದಲಿಸಿದ ಒಂದೇ ಉತ್ತರ. ಪತ್ರಿಕೆಯ ತುಣುಕನ್ನು ಹಾಗೇ ಪ್ರಶ್ನೆ ಮಾಡುವುದೂ ಅಷ್ಟೇ. ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ ಆಸ್ಕಿ ಫಾಂಟ್‌ನ ಕಡತ ಇಮೇಲ್‌ನಲ್ಲಿ ಹೋದಾಗ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ.

5. ಸಲ್ಲಿಕೆ

ಯಾವ ಇಲಾಖೆಗೆ ಯಾವ ದಿನ, ಸೂಚನೆ ಕೊಡಲು ಕೊನೆಯ ದಿನ ಯಾವುದು ಎಂಬ ಪಟ್ಟಿಯನ್ನು ವಿಧಾನಸಭೆಯ ಸಚಿವಾಲಯ ಕೊಡುತ್ತದೆ. ಅದರಂತೆ ಶಾಸಕರ ಸಹಿ ಹಾಕಿಸಿ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

6. ಉತ್ತರ ಬಂದ ದಿನ

ಅನುಬಂಧದಿಂದ ಓದಲು ಶುರು ಮಾಡಿ. ‘ಅನುಬಂಧದಲ್ಲಿ ಒದಗಿಸಿದೆ’ ಎಂದಿದ್ದೂ ಅನುಬಂಧವೇ ಲಗತ್ತಾಗಿರದಿದ್ದರೆ ಅದೇ ದಿನ ಸಚಿವಾಲಯಕ್ಕೆ ಬರೆಯಬೇಕು. ನಿಮ್ಮ ಕೋಷ್ಟಕದ ಕರಡನ್ನು ಪಕ್ಕದಲ್ಲಿಟ್ಟು ಯಾವ ಅಂಕಣ ತಪ್ಪಿದೆ ಎಂದು ಗುರುತು ಹಾಕಿ, ಮೊತ್ತಗಳನ್ನು ಕೂಡಿಸಿ ನೋಡಿ. ಮಂಜೂರಾದದ್ದರಿಂದ ಭರ್ತಿಯಾದದ್ದನ್ನು ಕಳೆದರೆ ಖಾಲಿ ಹುದ್ದೆ ಬರಬೇಕು. ಬಾರದಿದ್ದರೆ ಗುತ್ತಿಗೆಯವರನ್ನು ಎಲ್ಲೋ ಸೇರಿಸಿದ್ದಾರೆ ಎಂದರ್ಥ.

‘ಕ್ರಮ ಕೈಗೊಳ್ಳಲಾಗುವುದು’, ‘ಸದನಕ್ಕೆ ಒದಗಿಸಲಾಗುವುದು’ ಎಂಬ ಮಾತಿದ್ದರೆ ಅದಕ್ಕೆ ಕೆಂಪು ಗೆರೆ ಎಳೆದು, ಸರ್ಕಾರಿ ಭರವಸೆಗಳ ಸಮಿತಿಯ ಗಮನಕ್ಕೆ ತನ್ನಿ. ‘ಅನುದಾನ ಲಭ್ಯತೆಗೆ ಅನುಗುಣವಾಗಿ’ ಎಂಬ ಬಾಲ ಸೇರಿದ್ದರೆ ಅದು ಭರವಸೆಯಾಗಿ ನಿಲ್ಲುವುದು ಕಷ್ಟ. ಆಗ ಆ ಕಾಮಗಾರಿಯ ಹಂಚಿಕೆ, ಬಿಡುಗಡೆಯ ಲೆಕ್ಕವನ್ನೇ ಮುಂದಿನ ಸಲ ಕೇಳಿ. ಉತ್ತರ ಅಸ್ಪಷ್ಟವಾಗಿದ್ದು ವಿಷಯ ದೊಡ್ಡದಿದ್ದರೆ ಅರ್ಧ ಗಂಟೆ ಚರ್ಚೆಗೆ ಸೂಚನೆ ಕೊಡಬಹುದು.

ಅದೇ ವಿಷಯವನ್ನು ಮುಂದಿನ ಅಧಿವೇಶನದಲ್ಲಿ ಕೇಳುವಾಗ ‘ಪುನರಾವರ್ತನೆ’ ಎಂದು ತಳ್ಳಿಹಾಕದಂತೆ, ಹಳೆಯ ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕವನ್ನು ಮೊದಲ ಸಾಲಿನಲ್ಲೇ ಬರೆಯಿರಿ. ‘ಸದರಿ ಉತ್ತರದ ಅನುಬಂಧದಲ್ಲಿ ಖಾಲಿ ಎಂದು ತೋರಿಸಿದ ಹುದ್ದೆಗಳ ಪೈಕಿ ಆ ದಿನಾಂಕದಿಂದ ಈವರೆಗೆ ಭರ್ತಿಯಾದವು ಎಷ್ಟು’ ಎಂದು ಅಲ್ಲಿಂದ ಮುಂದಕ್ಕೆ ಕೇಳಿ. ಹಳೆಯ ಅನುಬಂಧದ ಪ್ರತಿಯನ್ನು ಲಗತ್ತಿಸಲು ಮರೆಯಬೇಡಿ.