ಒಂದು ಕೈ, ಮೂರು ಹಲಗೆ

ಎಚಿಂಗ್, ಅಂದರೆ ತಗಡಿನ ಮೇಲೆ ಚಿತ್ರ ಗೀರಿ ಕಾಗದಕ್ಕೆ ಅಚ್ಚೊತ್ತುವುದನ್ನು, ಕಲಿತು ನಾಲ್ಕು ವರ್ಷ ಆಗಿತ್ತು. ಮರದ ಹಲಗೆ ಕೆತ್ತಿ ಅಚ್ಚೊತ್ತುವ ಯೋಚನೆಯೇ ಇರಲಿಲ್ಲ. ತಗಡಿನ ಮೇಲೆ ಸೂಜಿಯಲ್ಲಿ ಗೀರುವುದು ಪೆನ್ಸಿಲ್ ಹಿಡಿದಷ್ಟೇ ಸಲೀಸು. ಅದನ್ನು ಬಿಟ್ಟು ಉಳಿ ಯಾಕೆ, ಅಲ್ವಾ? ಈ ಹಟ ಬಿಡಿಸಿದವರು ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್.

ಅವರು ಹುಟ್ಟಿದ್ದು 1867ರಲ್ಲಿ, ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಹೆಣ್ಣುಮಕ್ಕಳನ್ನು ಆಗ ಕಲಾ ಅಕಾಡೆಮಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಪ್ಪನೇ ಮಗಳನ್ನು ಊರಿನ ಕೆತ್ತನೆಗಾರ ರುಡಾಲ್ಫ್ ಮೌವರ್ ಹತ್ತಿರ ಪಾಠಕ್ಕೆ ಹಾಕಿದರು. ಆಮೇಲೆ ಬರ್ಲಿನ್, ಮ್ಯೂನಿಕ್‌ಗಳ ಹೆಂಗಸರ ಕಲಾಶಾಲೆ. ಹೋಗಿದ್ದು ಪೇಂಟರ್ ಆಗಲು. ಆದರೆ ಬಣ್ಣ ಒಗ್ಗಲಿಲ್ಲ. ಕಲಾವಿದ ಮ್ಯಾಕ್ಸ್ ಕ್ಲಿಂಗರ್ ರೇಖಾಚಿತ್ರದ ಬಗ್ಗೆ ಬರೆದದ್ದನ್ನು ಓದಿ ಕಪ್ಪು ಬಿಳುಪಿನ ಕಡೆ ತಿರುಗಿದರು.

1919ರ ಜನವರಿಯಲ್ಲಿ ಎಡಪಂಥದ ನಾಯಕ ಕಾರ್ಲ್ ಲೀಬ್‌ಕ್ನೆಖ್ಟ್ ಕೊಲೆಯಾದಾಗ, ಮನೆಯವರು ಕೇಳಿಕೊಂಡಿದ್ದಕ್ಕೆ ಶವಾಗಾರಕ್ಕೆ ಹೋಗಿ ಚಿತ್ರ ಬರೆದುಕೊಂಡರು. ಅದನ್ನು ಎಚಿಂಗ್ ಮಾಡಿದರು, ಸರಿ ಬರಲಿಲ್ಲ. ಲಿಥೋ (ಕಲ್ಲಿನ ಮೇಲೆ ಬರೆದು ಅಚ್ಚೊತ್ತುವುದು) ಮಾಡಿದರು, ಅದೂ ಇಲ್ಲ. 1920ರಲ್ಲಿ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್‌ರ ಮರಕೆತ್ತನೆಯ ಅಚ್ಚುಚಿತ್ರ ನೋಡಿ ತಾವೂ ಉಳಿ ಹಿಡಿದು ಅದನ್ನು ಮರದಲ್ಲಿ ಕೆತ್ತಿದರು. ಆಗಲೇ ವಯಸ್ಸು ಐವತ್ತು ದಾಟಿತ್ತು!

ಆ ಚಿತ್ರದಲ್ಲಿ ಬಾಗಿ ನಿಂತ ಒಬ್ಬ ಶವದ ಎದೆ ಮೇಲೆ ಕೈ ಇಟ್ಟಿದ್ದಾನೆ. ನಾನು ಆ ಕೈಯನ್ನಷ್ಟೇ ನಕಲು ಮಾಡಲು ಕೂತೆ. ಮೊದಲು ಎಚಿಂಗ್‌ನಲ್ಲಿ. ಗೆಣ್ಣು, ನರ, ಉಗುರು ಎಲ್ಲ ಬಂತು. ಕೈಗೆ ಭಾರ ಮಾತ್ರ ಬರಲಿಲ್ಲ.

ಆಮೇಲೆ ಪ್ಲೈವುಡ್. ತಗಡಿನಲ್ಲಿ ಗೀರಿದ್ದು ಕಪ್ಪಾಗಿ ಬೀಳುತ್ತದೆ, ಹಲಗೆಯಲ್ಲಿ ಕೆತ್ತಿದ್ದು ಬೆಳ್ಳಗೇ ಉಳಿಯುತ್ತದೆ. ಗೊತ್ತಿದ್ದೂ ಕೈ ಕೇಳಲಿಲ್ಲ. ನೆರಳಿದ್ದಲ್ಲೆಲ್ಲ ಕೆತ್ತಿ ಮೊದಲ ಹಲಗೆ ಕೆಡಿಸಿದೆ. ಎರಡನೆಯದರಲ್ಲಿ ಮರದ ಎಳೆಗೆ ಅಡ್ಡ ಕೆತ್ತುವಾಗ ಚಕ್ಕೆ ಎದ್ದು ಕಿರುಬೆರಳೇ ಹಾರಿಹೋಯಿತು. ತಗಡಾದರೆ ಕೆರೆದು, ಉಜ್ಜಿ ಸರಿ ಮಾಡಬಹುದು. ಮರದಲ್ಲಿ ಹೋದದ್ದು ಹೋಯ್ತು.

ಮೂರನೇ ಹಲಗೆಗೆ ಮೊದಲೇ ಕಪ್ಪು ಇಂಕ್ ಬಳಿದೆ, ಕೆತ್ತಿದ ಜಾಗ ಆಗಿಂದಾಗ್ಗೆ ಬೆಳ್ಳಗೆ ಕಾಣಲಿ ಅಂತ. ಬೆರಳಿಗೆ ಮೂರೋ ನಾಲ್ಕೋ ಗೀಟು, ಅಷ್ಟೇ. ಉಗುರು ಬಿಟ್ಟೆ. ರೋಲರ್‌ನಲ್ಲಿ ಮಸಿ ಹಚ್ಚಿ, ತೆಳು ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಅರ್ಧ ಗಂಟೆ ತಿಕ್ಕಿದೆ. ಕಾಗದದ ಮೂಲೆ ಎತ್ತಿ ನೋಡಿದರೆ ಬೆರಳುಗಳು ಒತ್ತಿಕೊಂಡು ಕೂತಿದ್ದವು. ಹೆಬ್ಬೆರಳು ಮಾತ್ರ ಇನ್ನೂ ಬೆಂಡೆಕಾಯಿ ಥರ ಇದೆ. ನಾಲ್ಕನೇ ಹಲಗೆ ಕತ್ತರಿಸಿಟ್ಟಿದ್ದೇನೆ.