ಎನ್‌ಐಸಿಯುನಲ್ಲಿ ರಕ್ತಕ್ಕಿಳಿದ ಕ್ಯಾಂಡಿಡಾ: ನಾವು ನಿಭಾಯಿಸುವ ಬಗೆ

ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಆಂಟಿಬಯೋಟಿಕ್ ಬದಲಾಯಿಸಿದರೂ ಮಗು ಸುಧಾರಿಸುತ್ತಿಲ್ಲ, ಪ್ಲೇಟ್‌ಲೆಟ್ ಕೊಟ್ಟ ಮರುದಿನವೇ ಮತ್ತೆ ಕುಸಿಯುತ್ತಿದೆ, ಹೋಗುತ್ತಿರುವ ಗ್ಲೂಕೋಸ್ ಅಷ್ಟೇ ಇದ್ದರೂ ಶುಗರ್ ಏರುತ್ತಿದೆ. ಈ ಮೂರೂ ಒಟ್ಟಿಗೆ ಕಂಡರೆ ನಾವು ಇನ್ನೊಂದು ಆಂಟಿಬಯೋಟಿಕ್ ಬರೆಯುವುದಿಲ್ಲ. ಫಂಗಸ್, ಅದರಲ್ಲೂ ಕ್ಯಾಂಡಿಡಾ ಎಂಬ ಯೀಸ್ಟ್, ಎಂದುಕೊಂಡೇ ಮುಂದಿನ ಕೆಲಸ ಶುರು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವ, ಟಿಪಿಎನ್ (ರಕ್ತನಾಳದ ಮೂಲಕವೇ ಕೊಡುವ ಪೋಷಣೆ) ಮೇಲಿರುವ, ಸೆಫೋಟ್ಯಾಕ್ಸಿಮ್ ಅಥವಾ ಮೆರೊಪೆನೆಮ್‌ನಂಥ ಆಂಟಿಬಯೋಟಿಕ್ ದಿನಗಟ್ಟಲೆ ಪಡೆದ ಮಗುವಾದರೆ ಅನುಮಾನ ಇನ್ನೂ ಬಲ. ಹೊರದೇಶದ ಪುಸ್ತಕ ಓದಿದರೆ ಇದು 1000 ಗ್ರಾಂ ಒಳಗಿನ ಮಕ್ಕಳ ಕಾಯಿಲೆ ಅನ್ನಿಸುತ್ತದೆ. ನಮ್ಮ ದೇಶದ ಘಟಕಗಳಲ್ಲಿ ಎರಡೂವರೆ ಕೆ.ಜಿ.ಯ, ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ಸಿಗುತ್ತದೆ. ತೂಕ ನೋಡಿ ಅನುಮಾನ ಕೈಬಿಡಬಾರದು.

ಮೊದಲು ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಅರ್ಧ ಮಿ.ಲೀ. ರಕ್ತ ಹಾಕಿ ನೆಗೆಟಿವ್ ಬಂತು ಎಂದರೆ ಅದಕ್ಕೆ ಅರ್ಥವಿಲ್ಲ. ಕನಿಷ್ಠ 1 ಮಿ.ಲೀ. ಬೇಕು, ಅದೂ ಹೊಸದಾಗಿ ಚುಚ್ಚಿದ ರಕ್ತನಾಳದಿಂದ. ಲೈನ್ ಇದ್ದರೆ ಅದರಿಂದ ಇನ್ನೊಂದು ಬಾಟಲ್. ಇಷ್ಟೆಲ್ಲ ಮಾಡಿದರೂ ಸುಮಾರು ಅರ್ಧದಷ್ಟು ಪ್ರಕರಣಗಳನ್ನು ಕಲ್ಚರ್ ಹಿಡಿಯುವುದಿಲ್ಲ. ಆದ್ದರಿಂದ ರಿಪೋರ್ಟ್‌ಗೆ ಕಾಯದೆ ಔಷಧಿ ಶುರು ಮಾಡುತ್ತೇವೆ. ಲ್ಯಾಬ್‌ನವರು ಫೋನ್ ಮಾಡಿ ‘ಬಡ್ಡಿಂಗ್ ಯೀಸ್ಟ್ (ಮೊಗ್ಗೊಡೆಯುವ ಯೀಸ್ಟ್) ಕಾಣುತ್ತಿದೆ’ ಎಂದರೆ, ಅದು ಒಂದೇ ಬಾಟಲ್‌ನಲ್ಲಿದ್ದರೂ ಸರಿ, ಕಂಟ್ಯಾಮಿನೇಷನ್ ಎಂದು ತಳ್ಳಿಹಾಕುವಂತಿಲ್ಲ. ಚರ್ಮದ ಮೇಲಿರುವ ಸ್ಟ್ಯಾಫ್ ಬ್ಯಾಕ್ಟೀರಿಯಾಗೆ ಕೊಡುವ ಆ ರಿಯಾಯಿತಿ ಕ್ಯಾಂಡಿಡಾಗೆ ಇಲ್ಲ.

ನವಜಾತ ಶಿಶುವಿಗೆ ನಮ್ಮ ಮೊದಲ ಆಯ್ಕೆ ಸಾದಾ ಆಂಫೊಟೆರಿಸಿನ್ ಬಿ, ಅಂದರೆ ಡಿಆಕ್ಸಿಕೋಲೇಟ್: ದಿನಕ್ಕೆ 1 ಮಿ.ಗ್ರಾಂ/ಕೆ.ಜಿ. ಹೆಸರು ಕೇಳಿಯೇ ಹೆದರುವವರಿದ್ದಾರೆ. ದೊಡ್ಡ ಮಕ್ಕಳಲ್ಲಿ ಬರುವ ಚಳಿ-ನಡುಕ ಶಿಶುಗಳಲ್ಲಿ ಅಪರೂಪ. ಮೂತ್ರಪಿಂಡವೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಎಡವಟ್ಟು ಆಗುವುದು ಔಷಧಿಯ ಗುಣದಿಂದಲ್ಲ, ಬೆರೆಸುವ ಟ್ರೇ ಮೇಲೆ.

50 ಮಿ.ಗ್ರಾಂ ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ, ದ್ರಾವಣ ತಿಳಿಯಾಗುವವರೆಗೆ ಅಲುಗಿಸಬೇಕು. ಈಗ 1 ಮಿ.ಲೀ.ಯಲ್ಲಿ 5 ಮಿ.ಗ್ರಾಂ. ಇದರಲ್ಲಿ 1 ಮಿ.ಲೀ. ಎಳೆದು 49 ಮಿ.ಲೀ. 5% ಡೆಕ್ಸ್‌ಟ್ರೋಸ್‌ಗೆ ಸೇರಿಸಿದರೆ 1 ಮಿ.ಲೀ.ಗೆ 0.1 ಮಿ.ಗ್ರಾಂ. ಒಂದು ಕೆ.ಜಿ. ಮಗುವಿಗೆ ಇದರಲ್ಲಿ 10 ಮಿ.ಲೀ., ಸಿರಿಂಜ್ ಪಂಪ್‌ನಲ್ಲಿ ನಾಲ್ಕು ಗಂಟೆ, ಅಂದರೆ ಗಂಟೆಗೆ 2.5 ಮಿ.ಲೀ. ಕೈನ ಸಣ್ಣ ರಕ್ತನಾಳಕ್ಕೆ ಇದಕ್ಕಿಂತ ಗಟ್ಟಿ ದ್ರಾವಣ ಬೇಡ. ಬೇಗ ಮುಗಿಸೋಣ ಎಂದು ಪಂಪ್ ಓಡಿಸಿದರೆ ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪಬಹುದು.

ಸಲೈನ್ ಎಲ್ಲಿಯೂ ತಾಗಬಾರದು. ವಯಲ್‌ಗೂ ಇಲ್ಲ, ಫ್ಲಶ್‌ಗೂ (ಲೈನ್ ತೊಳೆಯಲು ತಳ್ಳುವ ದ್ರವ) ಇಲ್ಲ. ತಾಗಿದರೆ ಔಷಧಿ ಒಡೆದು ಚೂರುಚೂರಾಗಿ ತಳ ಸೇರುತ್ತದೆ. ಹಳದಿ ದ್ರಾವಣ ಕದಡಿದಂತೆ ಕಂಡರೆ ಅಲ್ಲೇ ನಿಲ್ಲಿಸಿ ಬಿಸಾಡಬೇಕು. ಸಿಸ್ಟರ್‌ಗಳು ಕ್ಯಾನುಲಾ ನೋಡಲು ಅಭ್ಯಾಸಬಲದಿಂದ ಸಲೈನ್ ತಳ್ಳುತ್ತಾರೆ, ಹಾಗಾಗಿ ಆ ನಾಲ್ಕು ಗಂಟೆ ಟ್ರೇಯಲ್ಲಿ ಡೆಕ್ಸ್‌ಟ್ರೋಸ್ ಫ್ಲಶ್ ಬಿಟ್ಟು ಬೇರೆ ಇಡುವುದೇ ಇಲ್ಲ. ಲೈನ್‌ಗೆ 0.2 ಮೈಕ್ರಾನ್ ಫಿಲ್ಟರ್ ಇದ್ದರೆ ತೆಗೆಯಬೇಕು, ಇಲ್ಲದಿದ್ದರೆ ಔಷಧಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಟಿಪಿಎನ್ ಜೊತೆ ಒಂದೇ ಲೈನ್‌ನಲ್ಲಿ ಹರಿಸುವಂತಿಲ್ಲ. ಬೇರೆ ದಾರಿ ಸಿಗದೆ ಟಿಪಿಎನ್ ನಿಲ್ಲಿಸಿದರೆ ಮಗುವಿಗೆ ಸಿಗುತ್ತಿರುವುದು ಬರೀ 5% ಡೆಕ್ಸ್‌ಟ್ರೋಸ್. ಶುಗರ್ ಬೀಳುತ್ತದೆ, ನಡುವೆ ಚೆಕ್ ಮಾಡಬೇಕು. ಈ 10 ಮಿ.ಲೀ.ಯನ್ನು ದಿನದ ಒಟ್ಟು ದ್ರವದ ಲೆಕ್ಕದಿಂದ ಕಳೆಯಬೇಕು. ಇನ್ನೊಂದು ಸಣ್ಣ ವಿಷಯ: ಎಕ್ಸ್‌ಟೆನ್ಷನ್ ಟ್ಯೂಬ್‌ನಲ್ಲಿ ಒಂದು ಮಿ.ಲೀ. ಉಳಿದರೂ ಡೋಸ್‌ನ ಹತ್ತನೇ ಒಂದು ಪಾಲು ಹೋಯಿತು. ಸಿರಿಂಜ್ ಖಾಲಿಯಾದ ಮೇಲೆ ಅದೇ ವೇಗದಲ್ಲಿ ಡೆಕ್ಸ್‌ಟ್ರೋಸ್ ಹರಿಸಿ ಒಳಗೆ ತಳ್ಳುತ್ತೇವೆ.

ಪೊಟ್ಯಾಸಿಯಂ, ಕ್ರಿಯಾಟಿನಿನ್ ಮೊದಲ ವಾರ ದಿನ ಬಿಟ್ಟು ದಿನ. ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ನೋಡಬೇಕು, ಸೋರುತ್ತಿರುವುದು ಎರಡೂ. ಸೋಡಿಯಂ ದಿನಕ್ಕೆ 4 ಮಿಲಿ ಈಕ್ವಿವಲೆಂಟ್/ಕೆ.ಜಿ. ಆಸುಪಾಸು ಸಿಗುವಂತೆ ನೋಡಿಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಕಡಿಮೆ.

ಕ್ರಿಯಾಟಿನಿನ್ ಏರುತ್ತಲೇ ಹೋದರೆ ಲಿಪೊಸೋಮಲ್‌ಗೆ (ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದ ಆಂಫೊಟೆರಿಸಿನ್) ಬದಲಾಯಿಸುತ್ತೇವೆ, ದಿನಕ್ಕೆ 5 ಮಿ.ಗ್ರಾಂ/ಕೆ.ಜಿ. ಆದರೆ ಅದು ಮೂತ್ರಕ್ಕೆ ಇಳಿಯುವುದು ಕಡಿಮೆ. ಸೋಂಕು ಮೂತ್ರಪಿಂಡದಲ್ಲೇ ಕೂತಿದ್ದರೆ ಸಾದಾದೇ ಮೇಲು. ಇಲ್ಲಿ ಜೀವ ತೆಗೆಯುವ ಗೊಂದಲವೊಂದಿದೆ: ಎರಡರ ಹೆಸರೂ ಆಂಫೊಟೆರಿಸಿನ್. ಲಿಪೊಸೋಮಲ್ ಡೋಸ್ ಬರೆದು ಸಾದಾ ವಯಲ್ ಒಡೆದರೆ ಐದು ಪಟ್ಟು ಓವರ್‌ಡೋಸ್, ಹೃದಯ ನಿಲ್ಲಲು ಅಷ್ಟು ಸಾಕು. ಚಾರ್ಟ್‌ನಲ್ಲಿ ‘ಆಂಫೊ’ ಎಂದು ಮೊಟಕಾಗಿ ಬರೆಯುವುದನ್ನು ನಮ್ಮಲ್ಲಿ ನಿಷೇಧಿಸಿದ್ದೇವೆ. ‘ಸಾದಾ’ ಅಥವಾ ‘ಲಿಪೊಸೋಮಲ್’ ಎಂಬ ಪದ ಕೆಂಪು ಶಾಯಿಯಲ್ಲಿ ಇಲ್ಲದಿದ್ದರೆ ಸಿಸ್ಟರ್ ಔಷಧಿ ಬೆರೆಸುವುದಿಲ್ಲ. ಲಿಪೊಸೋಮಲ್ ಪುಡಿಯ ವಯಲ್ ಆದರೆ 12 ಮಿ.ಲೀ. ಸ್ಟೆರೈಲ್ ವಾಟರ್, 30 ಸೆಕೆಂಡ್ ಜೋರಾಗಿ ಕುಲುಕುವುದು, ಜೊತೆಗೆ ಬರುವ 5 ಮೈಕ್ರಾನ್ ಫಿಲ್ಟರ್ ಮೂಲಕ ಎಳೆಯುವುದು. ಒಂದು ಕೆ.ಜಿ.ಗೆ 1.25 ಮಿ.ಲೀ. ಎಳೆದು, 8.75 ಮಿ.ಲೀ. 5% ಡೆಕ್ಸ್‌ಟ್ರೋಸ್. ನಮ್ಮ ದೇಶದಲ್ಲಿ ಸಲೈನ್‌ನಲ್ಲೇ ತಯಾರಿಸಿದ ಲಿಪೊಸೋಮಲ್ ಕೂಡ ಮಾರುಕಟ್ಟೆಯಲ್ಲಿದೆ, ಅದರ ಡೋಸೂ ವಿಧಾನವೂ ಬೇರೆ. ಫಾರ್ಮಸಿ ಬ್ರ್ಯಾಂಡ್ ಬದಲಾಯಿಸಿದ ದಿನ ಒಳಗಿನ ಚೀಟಿ ಓದದೆ ವಯಲ್ ತೆರೆಯಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ಔಷಧಿ ಕೊಟ್ಟು, ಲೈನ್ ಹಾಗೇ ಬಿಟ್ಟರೆ ಫಲವಿಲ್ಲ. ಕ್ಯಾಥೆಟರ್ ಗೋಡೆಗೆ ಪಾಚಿ ಕಟ್ಟಿದಂತೆ ಕೂತ ಪದರದೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ‘ಇನ್ನೊಂದು ಲೈನ್ ಸಿಗಲ್ಲ ಸಾರ್’ ಎಂಬ ಮಾತು ಪ್ರತಿ ಬಾರಿಯೂ ಬರುತ್ತದೆ, ಬಹುಪಾಲು ನಿಜವೂ ಹೌದು. ಆದರೂ ಯೀಸ್ಟ್ ರಿಪೋರ್ಟ್ ಬಂದ ದಿನವೇ ಪಿಕ್ ಲೈನ್ (ಕೈಕಾಲಿನ ನಾಳದಿಂದ ಒಳಗೆ ತಳ್ಳಿದ ಸೆಂಟ್ರಲ್ ಲೈನ್), ಹೊಕ್ಕುಳ ಲೈನ್ ಎರಡನ್ನೂ ತೆಗೆಸುತ್ತೇನೆ. ಕೈಕಾಲಿನ ಕ್ಯಾನುಲಾಗಳಲ್ಲಿ ಒಂದೆರಡು ದಿನ ತಳ್ಳಿ, ಕಲ್ಚರ್ ನೆಗೆಟಿವ್ ಆಗುವ ಸೂಚನೆ ಸಿಕ್ಕಮೇಲೆ ಹೊಸ ಲೈನ್.

ಆಮೇಲೆ ಸೋಂಕು ಬೇರೆಲ್ಲಿ ಕೂತಿದೆ ಎಂಬ ಹುಡುಕಾಟ. ಬೆನ್ನುನೀರು ಎಲ್ಲರಿಗೂ ತೆಗೆಯಬೇಕು, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಕೊಟ್ಟು ತೆಗೆಯಬೇಕು. ಕ್ಯಾಂಡಿಡಾ ಮೆನಿಂಜೈಟಿಸ್‌ನಲ್ಲಿ ಕೋಶಗಳ ಎಣಿಕೆ ನಾರ್ಮಲ್ ಇರಬಹುದು, ರಕ್ತದ ಕಲ್ಚರ್ ನೆಗೆಟಿವ್ ಕೂಡ ಇರಬಹುದು. ಮೂತ್ರಪಿಂಡದ ಸ್ಕ್ಯಾನ್‌ನಲ್ಲಿ ಫಂಗಲ್ ಬಾಲ್, ಎಕೋದಲ್ಲಿ ಬಲ ಹೃತ್ಕರ್ಣದ ಗಡ್ಡೆ, ಲಿವರ್ ಮತ್ತು ಸ್ಪ್ಲೀನ್, ತಲೆಯ ಅಲ್ಟ್ರಾಸೌಂಡ್. ಕಣ್ಣಿಗೆ ಪ್ರತ್ಯೇಕ ವ್ಯವಸ್ಥೆ ಬೇಕಿಲ್ಲ. ಆರ್‌ಒಪಿ (ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದ ತೊಂದರೆ) ನೋಡಲು ಬರುವ ಕಣ್ಣಿನ ಡಾಕ್ಟರಿಗೆ ಚೀಟಿಯಲ್ಲಿ ‘ಕ್ಯಾಂಡಿಡಾ’ ಎಂದು ಬರೆದರಾಯಿತು.

ಕ್ಯಾಂಡಿಡಾದ ಜಾತಿ (ಸ್ಪೀಶೀಸ್) ಯಾವುದೆಂದು ತಿಳಿದ ಮೇಲೆ ಔಷಧಿ ಮರುಪರಿಶೀಲನೆ. ಸಣ್ಣ ಲ್ಯಾಬ್‌ನಲ್ಲೂ ಜರ್ಮ್ ಟ್ಯೂಬ್ ಪರೀಕ್ಷೆ ಸೀರಮ್‌ನಲ್ಲಿ ಎರಡು-ಮೂರು ಗಂಟೆಗೆ ಮುಗಿಯುತ್ತದೆ: ಪಾಸಿಟಿವ್ ಬಂದರೆ ಬಹುತೇಕ ಆಲ್ಬಿಕನ್ಸ್. ಕ್ರೂಸಿ ಎಂಬ ಜಾತಿಗೆ ಫ್ಲುಕೊನಜೋಲ್ (ಇನ್ನೊಂದು ಫಂಗಸ್ ಔಷಧಿ) ಹುಟ್ಟಿನಿಂದಲೇ ನಾಟುವುದಿಲ್ಲ. ಸೂಕ್ಷ್ಮತೆ ಇದ್ದರೆ ಫ್ಲುಕೊನಜೋಲ್ 25 ಮಿ.ಗ್ರಾಂ/ಕೆ.ಜಿ. ಲೋಡಿಂಗ್, ನಂತರ ದಿನಕ್ಕೆ 12. ಬಾಟಲ್ ಇರುವುದು 1 ಮಿ.ಲೀ.ಗೆ 2 ಮಿ.ಗ್ರಾಂ, ಸಲೈನ್‌ನಲ್ಲಿ. ಒಂದು ಕೆ.ಜಿ. ಮಗುವಿನ ಲೋಡಿಂಗ್ ಡೋಸ್ 12.5 ಮಿ.ಲೀ., ಅದರ ಜೊತೆ ಸುಮಾರು 1.9 ಮಿಲಿ ಈಕ್ವಿವಲೆಂಟ್ ಸೋಡಿಯಂ ಕೂಡ ಒಳಗೆ ಹೋಗುತ್ತದೆ. ಸೋಡಿಯಂ ಏಕೆ ಏರಿತು ಎಂದು ಮರುದಿನ ತಲೆ ಕೆರೆದುಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಮೈಕಾಫಂಜಿನ್, ಕ್ಯಾಸ್ಪೊಫಂಜಿನ್ ಕೂಡ ಫಂಗಸ್‌ಗೆ ಒಳ್ಳೆಯ ಔಷಧಿಗಳೇ, ಆದರೆ ಮೆದುಳು, ಕಣ್ಣು, ಮೂತ್ರ ಮೂರಕ್ಕೂ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಬೆನ್ನುನೀರು ನೋಡದೆ ಅವನ್ನು ನಾವು ಮೊದಲಿಗೆ ಹಿಡಿಯುವುದಿಲ್ಲ.

ಚಿಕಿತ್ಸೆಯ 14 ದಿನದ ಎಣಿಕೆ ಔಷಧಿ ಶುರುವಾದ ದಿನದಿಂದಲ್ಲ, ಕಲ್ಚರ್ ಮೊದಲ ಬಾರಿ ನೆಗೆಟಿವ್ ಬಂದ ದಿನದಿಂದ. ಅದಕ್ಕಾಗಿ ನೆಗೆಟಿವ್ ಆಗುವ ತನಕ ದಿನ ಬಿಟ್ಟು ದಿನವಾದರೂ ಕಲ್ಚರ್ ಕಳಿಸುತ್ತೇವೆ. ಸರಿಯಾದ ಔಷಧಿ, ಲೈನ್ ತೆಗೆದಾಗಿದೆ, ಆದರೂ ಪಾಸಿಟಿವ್ ಬರುತ್ತಿದೆ ಎಂದರೆ ಎಲ್ಲೋ ಗಡ್ಡೆಯೋ ಬಾವೋ ಕೂತಿದೆ. ಎಕೋ ಮತ್ತು ಸ್ಕ್ಯಾನ್ ಮರುಮಾಡಬೇಕು. ಮೆದುಳು ಅಥವಾ ಹೃದಯ ಸೇರಿದ್ದರೆ ಎರಡು ವಾರ ಸಾಲದು.

ಒಂದು ಅಡ್ಡಮಾತು. ಹೊಟ್ಟೆ ಉಬ್ಬಿ ಎನ್‌ಇಸಿಯಂತೆ (ಶಿಶುಗಳ ಕರುಳು ಊದಿ ಕೊಳೆಯುವ ಕಾಯಿಲೆ) ಕಂಡು, ಕರುಳು ತೂತಾಗಿ, ಕತ್ತರಿಸಿದ ಅಂಚು ಕಪ್ಪಾಗಿದ್ದರೆ ಮ್ಯೂಕರ್ ಎಂಬ ಬೇರೆ ಬಗೆಯ ಫಂಗಸ್ ನೆನಪಿರಲಿ. ಸರ್ಜನ್‌ಗೆ ಹೇಳಿ ತುಂಡನ್ನು ಫಾರ್ಮಲಿನ್‌ನಲ್ಲಿ ಮಾತ್ರವಲ್ಲ, ಸಲೈನ್‌ನಲ್ಲೂ ಒಂದಿಷ್ಟು ಕಳಿಸಬೇಕು. ಫಾರ್ಮಲಿನ್‌ಗೆ ಬಿದ್ದದ್ದು ಕಲ್ಚರ್ ಆಗುವುದಿಲ್ಲ. ಕೆಒಎಚ್ ದ್ರಾವಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಅಗಲವಾದ, ಅಡ್ಡಗೋಡೆ ಅಷ್ಟಾಗಿ ಇಲ್ಲದ ರಿಬ್ಬನ್‌ನಂಥ ಎಳೆಗಳು ಕಂಡರೆ ವೊರಿಕೊನಜೋಲ್ ಎಂಬ ಫಂಗಸ್ ಔಷಧಿ ಮುಟ್ಟಬೇಡಿ, ಅದು ಮ್ಯೂಕರ್‌ಗೆ ಕೆಲಸ ಮಾಡುವುದಿಲ್ಲ. ಕ್ಯಾನುಲಾಗೆ ಆಧಾರವಾಗಿ ಮರದ ನಾಲಿಗೆಪಟ್ಟಿ ಕಟ್ಟುವ ಹಳೆಯ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಅದನ್ನೂ ಬಿಡಿ. ಆ ಮರದಿಂದಲೇ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಚರ್ಮಕ್ಕೆ ರೈಜೋಪಸ್ (ಮ್ಯೂಕರ್ ಗುಂಪಿನದೇ ಫಂಗಸ್) ಹತ್ತಿದ ಉದಾಹರಣೆಗಳು ದಾಖಲಾಗಿವೆ.

ಒಂದೇ ತಿಂಗಳಲ್ಲಿ ಕ್ಯಾಂಡಿಡಾದ ಒಂದೇ ಜಾತಿ ಎರಡು ಮಕ್ಕಳಲ್ಲಿ ಬಂದರೆ ಕೈ ಮತ್ತು ಬಾಟಲ್ ನೋಡುತ್ತೇವೆ. ಪ್ಯಾರಾಪ್ಸಿಲೋಸಿಸ್ ಎಂಬ ಜಾತಿ ಹೆಚ್ಚಾಗಿ ಸಿಬ್ಬಂದಿಯ ಕೈಯಿಂದ ಬರುತ್ತದೆ. 100 ಮಿ.ಲೀ. ಸಲೈನ್ ಬಾಟಲ್‌ಗೆ ಸೂಜಿ ಚುಚ್ಚಿಟ್ಟು ಇಡೀ ವಾರ್ಡ್‌ಗೆ ಫ್ಲಶ್ ಎಳೆಯುವ ರೂಢಿಯೇ ಹಲವೆಡೆ ಮೂಲ. ಅದರ ಬದಲು 10 ಮಿ.ಲೀ. ಆಂಪ್ಯೂಲ್, ಒಂದು ಮಗುವಿಗೆ ಒಂದು, ಉಳಿದದ್ದು ಕಸಕ್ಕೆ. ಜಾತಿ ‘ಹೀಮುಲೊನೈ’ ಎಂದು ರಿಪೋರ್ಟ್ ಬಂದರೆ ಮಾಲ್ಡಿ-ಟಾಫ್ (ಜಾತಿಯನ್ನು ನಿಖರವಾಗಿ ಗುರುತಿಸುವ ಯಂತ್ರ) ಇರುವ ಲ್ಯಾಬ್‌ಗೆ ಕಳಿಸಿ ಖಾತ್ರಿ ಮಾಡಿಕೊಳ್ಳಿ. ಹಳೆಯ ಯಂತ್ರಗಳು ಆರಿಸ್ ಎಂಬ ಜಾತಿಯನ್ನು ಹಾಗೆಂದೇ ಓದುತ್ತಿದ್ದವು. ಆರಿಸ್ ಆದರೆ ಮಗುವನ್ನು ಪ್ರತ್ಯೇಕಿಸಿ, ಸ್ಟೆತಾಸ್ಕೋಪ್ ಮತ್ತು ಥರ್ಮಾಮೀಟರ್ ಆ ಮಗುವಿಗೇ ಬಿಟ್ಟುಬಿಡುತ್ತೇವೆ. ಕ್ವಾಟರ್ನರಿ ಅಮೋನಿಯಂ ದ್ರಾವಣದಿಂದ ಒರೆಸಿದರೆ ಅದು ಸಾಯುವ ಭರವಸೆ ಇಲ್ಲ, ಕ್ಲೋರಿನ್ ಬೇಕು: ಆ ದಿನವೇ ಬೆರೆಸಿದ 1000 ಪಿಪಿಎಂ ಹೈಪೊಕ್ಲೋರೈಟ್, ಮೊದಲು ಸೋಪು ನೀರಿನಿಂದ ಕೊಳೆ ತೆಗೆದು, ಆಮೇಲೆ 10 ನಿಮಿಷ ಒದ್ದೆಯಾಗಿ ಬಿಡುವುದು. ವಾರ್ಮರ್‌ನ ಹಿಡಿಕೆ, ಪಂಪ್‌ನ ಬಟನ್‌ಗಳು, ಪಲ್ಸ್ ಆಕ್ಸಿಮೀಟರ್ ತಂತಿ ಈ ಒರೆಸುವಿಕೆಯಲ್ಲಿ ತಪ್ಪಿಹೋಗುವ ಜಾಗಗಳು. ಅವನ್ನು ಯಾರು ಒರೆಸಬೇಕೆಂದು ಡ್ಯೂಟಿ ಪಟ್ಟಿಯಲ್ಲಿ ಹೆಸರು ಹಾಕಿಯೇ ಬರೆದಿರುತ್ತೇವೆ.