ಇ. ಕೋಲಿಯಿಂದ ಡಿ-ಲ್ಯಾಕ್ಟಿಕ್ ಆಮ್ಲ: ನಾವು ತಳಿ ಕಟ್ಟಿದ ಬಗೆ

ಡಿ-ಲ್ಯಾಕ್ಟಿಕ್ ಆಮ್ಲಕ್ಕಾಗಿ (ಲ್ಯಾಕ್ಟಿಕ್ ಆಮ್ಲದ ಕನ್ನಡಿ-ಬಿಂಬದಂತಹ ಎರಡು ರೂಪಗಳಲ್ಲಿ ಒಂದು; ಇನ್ನೊಂದು ಎಲ್) ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹೊಸ ಜೀನ್ ಹಾಕಬೇಕಿಲ್ಲ, ಅದನ್ನು ಮಾಡುವ ಎಲ್‌ಡಿಎಚ್‌ಎ ಜೀನ್ ಅದರಲ್ಲೇ ಇದೆ. ಕೆಲಸವೆಲ್ಲ ಬೇರೆ ಜೀನ್‌ಗಳನ್ನು ಕತ್ತರಿಸುವುದರಲ್ಲಿದೆ. ಆಮ್ಲಜನಕವಿಲ್ಲದೆ ಒಂದು ಗ್ಲೂಕೋಸ್ ಒಡೆದಾಗ 2 ಎಟಿಪಿ (ಕೋಶದ ಶಕ್ತಿಯ ಅಣು), 2 ಎನ್‌ಎಡಿಎಚ್ (ಎಲೆಕ್ಟ್ರಾನ್ ಹೊರುವ ಅಣು) ಹುಟ್ಟುತ್ತವೆ; ಎನ್‌ಎಡಿಎಚ್ ಖರ್ಚಾಗದಿದ್ದರೆ ಗ್ಲೈಕಾಲಿಸಿಸ್, ಅಂದರೆ ಗ್ಲೂಕೋಸ್ ಒಡೆಯುವ ಕ್ರಿಯೆ, ನಿಂತುಹೋಗುತ್ತದೆ. ಬೇರೆ ಉತ್ಪನ್ನಗಳ ಜೀನ್‌ಗಳಾದ ಫಾರ್ಮೇಟಿನ ಪಿಎಫ್‌ಎಲ್‌ಬಿ, ಎಥನಾಲಿನ ಎಡಿಎಚ್‌ಇ, ಸಕ್ಸಿನೇಟಿನ ಎಫ್‌ಆರ್‌ಡಿಬಿಸಿ, ಅಸಿಟೇಟಿನ ಎಸಿಕೆಎ ಇವಿಷ್ಟನ್ನು ತೆಗೆದರೆ ಲ್ಯಾಕ್ಟಿಕ್ ಆಮ್ಲ ಮಾಡಿ ಎನ್‌ಎಡಿಎಚ್ ಖರ್ಚು ಮಾಡದೆ ಕೋಶಕ್ಕೆ ಬೆಳೆಯಲು ಬೇರೆ ದಾರಿಯೇ ಉಳಿಯುವುದಿಲ್ಲ. ಪ್ಲಾಸ್ಮಿಡ್‌ನಿಂದ (ಕೋಶದೊಳಗೆ ಬೇರೆಯಾಗಿ ಇರುವ ಸಣ್ಣ ಡಿಎನ್‌ಎ ಉಂಗುರ) ಎಲ್‌ಡಿಎಚ್‌ಎ ಹೆಚ್ಚಿಸುವುದಕ್ಕಿಂತ ಇದೇ ಮೇಲು: ಆಂಟಿಬಯೋಟಿಕ್ ಬೇಡ, ಪ್ಲಾಸ್ಮಿಡ್ ಕಳೆದುಹೋಗುವ ಭಯವೂ ಇಲ್ಲ.

ಜೀನ್ ಅಳಿಸಲು ಲ್ಯಾಂಬ್ಡಾ ರೆಡ್ ವಿಧಾನ: ಜೀನ್ ಇದ್ದ ಜಾಗಕ್ಕೆ ಕನಮೈಸಿನ್ ಗುರುತಿರುವ ಡಿಎನ್‌ಎ ತುಂಡು ಕೂರಿಸುವುದು. ಇದಕ್ಕೆ ಬೇಕಾದ ಕಿಣ್ವಗಳನ್ನು ಕೊಡುವ ಪಿಕೆಡಿ46 ಪ್ಲಾಸ್ಮಿಡ್ ಇರುವ ಕೋಶಗಳನ್ನು 30 ಡಿಗ್ರಿಯಲ್ಲಿ 10 ಮಿಲಿಮೋಲಾರ್ ಅರಾಬಿನೋಸ್ ಹಾಕಿ ಒಡಿ (ಕಲ್ಚರ್‌ನ ಮಬ್ಬಿನ ಅಳತೆ) 0.6ರವರೆಗೆ ಬೆಳೆಸಿ, ಹಿಮದಷ್ಟು ತಣ್ಣನೆಯ 10% ಗ್ಲಿಸರಾಲ್‌ನಲ್ಲಿ ಮೂರು ಬಾರಿ ತೊಳೆಯುತ್ತೇವೆ. ತೊಳೆಯುವುದು ಸಾಲದಿದ್ದರೆ ಉಪ್ಪು ಉಳಿದು ಎಲೆಕ್ಟ್ರೋಪೊರೇಶನ್‌ನಲ್ಲಿ (ವಿದ್ಯುತ್ ಹೊಡೆತದಿಂದ ಡಿಎನ್‌ಎ ಒಳಗೆ ಹಾಕುವುದು) ಕಿಡಿ ಹಾರುತ್ತದೆ. ಆ ತುಂಡನ್ನು ಮಾಡುವ ಪ್ರೈಮರ್‌ನ ಹೋಮಾಲಜಿ (ಜೀನ್‌ನ ಅಕ್ಕಪಕ್ಕಕ್ಕೆ ಹೊಂದುವ ಭಾಗ) 50 ಬೇಸ್ ಇರಲಿ. ಪಿಸಿಪಿ20 ಪ್ಲಾಸ್ಮಿಡ್‌ನಿಂದ ಕನಮೈಸಿನ್ ಗುರುತು ತೆಗೆದಾಗ ಪ್ರತಿ ಸಲವೂ ಎಫ್‌ಆರ್‌ಟಿ ಎಂಬ ಸಣ್ಣ ಡಿಎನ್‌ಎ ಗಾಯವೊಂದು ಉಳಿಯುತ್ತದೆ. ಗಾಯಗಳು ಹೆಚ್ಚಾದಂತೆ ಅವು ತಮ್ಮತಮ್ಮಲ್ಲೇ ಕೂಡಿಕೊಂಡು ನಡುವಿನ ಡಿಎನ್‌ಎ ಹಾರಿಹೋಗಬಹುದು, ತಲೆಕೆಳಗಾಗಬಹುದು. ಹಾಗಾಗಿ ಪ್ರತಿ ಹಂತದಲ್ಲೂ ಹಳೆಯ ಜಾಗಗಳನ್ನೆಲ್ಲ ಪಿಸಿಆರ್‌ನಲ್ಲಿ ಮತ್ತೆ ನೋಡಬೇಕು.

ಹಲವರು ಮರೆಯುವುದು ಎಂಜಿಎಸ್‌ಎ ಜೀನ್ ಅಳಿಸುವುದನ್ನು. ಸಕ್ಕರೆ ಹೆಚ್ಚಿದ್ದಾಗ ಅದರಿಂದ ಹುಟ್ಟುವ ಮೀಥೈಲ್‌ಗ್ಲೈಆಕ್ಸಾಲ್ ಮೂಲಕ ಸ್ವಲ್ಪ ಎಲ್-ಲ್ಯಾಕ್ಟೇಟ್ ಬೆರೆಯುತ್ತದೆ. ಪಾಲಿಲ್ಯಾಕ್ಟೈಡ್‌ಗೆ (ಲ್ಯಾಕ್ಟಿಕ್ ಆಮ್ಲದಿಂದ ಮಾಡುವ ಪ್ಲಾಸ್ಟಿಕ್) ಆ ಸ್ವಲ್ಪವೂ ಬೇಡ, ಏಕೆಂದರೆ ಪಾಲಿಮರ್ ಕರಗುವ ಉಷ್ಣತೆ ಇಳಿಯುತ್ತದೆ. ಸಾವಯವ ಆಮ್ಲಗಳಿಗೆ ಎಲ್ಲರೂ ಬಳಸುವ ಎಚ್‌ಪಿಎಲ್‌ಸಿ (ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಕಾಲಮ್ ಡಿ, ಎಲ್ ಎರಡನ್ನೂ ಒಂದೇ ಶಿಖರದಲ್ಲಿ ತೋರಿಸುತ್ತದೆ. ಡಿ, ಎಲ್ ಬೇರ್ಪಡಿಸುವ ಕೈರಲ್ ಕಾಲಮ್ ಇಲ್ಲದೆ ಶುದ್ಧತೆಯ ಮಾತೇ ಆಡಬಾರದು.

ಅಳಿಸಿದ ತಳಿ ಮೊದಲು ಮಂದವಾಗಿ ಬೆಳೆಯುತ್ತದೆ. ದಿನಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ಸಾಗಿಸುತ್ತ ಹೋದರೆ ಬೇಗ ಆಮ್ಲ ಮಾಡುವ ಕೋಶಗಳೇ ಮುಂದೆ ಬರುತ್ತವೆ. ಕಲ್ಚರ್ ಪೂರ್ತಿ ಬೆಳೆದು ನಿಲ್ಲುವ ಮೊದಲೇ ಸಾಗಿಸಿ.

ಹುದುಗುವಿಕೆಗೆ ಲೀಟರಿಗೆ 100 ಗ್ರಾಂ ಗ್ಲೂಕೋಸ್, 37 ಡಿಗ್ರಿ, ಕೆಒಎಚ್ ಕ್ಷಾರ ಹಾಕಿ ಪಿಎಚ್ 7, 1 ಮಿಲಿಮೋಲಾರ್ ಬೀಟೈನ್ (ಆಸ್ಮಾಟಿಕ್ ಒತ್ತಡ ತಾಳಲು ಕೋಶಕ್ಕೆ ನೆರವಾಗುವ ವಸ್ತು). ಬೀಟೈನ್ ಇಲ್ಲದಿದ್ದರೆ ಕೊನೆಯ ಭಾಗ ಎಳೆಯುತ್ತದೆ, ಏಕೆಂದರೆ ಆಮ್ಲದ ಜತೆ ಕೆಒಎಚ್‌ನ ಪೊಟ್ಯಾಸಿಯಂ ಸೇರಿ ಆಸ್ಮಾಟಿಕ್ ಒತ್ತಡ ಏರುತ್ತದೆ. ಗಾಳಿ ನುಸುಳಿದರೆ ಇಳುವರಿ ಕುಸಿಯುತ್ತದೆ: ಆಮ್ಲಜನಕವೇ ಎನ್‌ಎಡಿಎಚ್ ತೆಗೆದುಕೊಳ್ಳುತ್ತದೆ, ಮಾಡಿದ ಲ್ಯಾಕ್ಟೇಟನ್ನೂ ಕೋಶ ತಿನ್ನತೊಡಗುತ್ತದೆ. ಗರಿಷ್ಠ ಇಳುವರಿ ಒಂದು ಗ್ರಾಂ ಗ್ಲೂಕೋಸಿಗೆ ಒಂದು ಗ್ರಾಂ. ಅದನ್ನು ಮೀರಿದ ಅಂಕಿ ಬಂದರೆ ಕ್ಯಾಲಿಬ್ರೇಶನ್ ನೋಡಿ, ಕ್ಷಾರ ಸೇರಿ ಹೆಚ್ಚಾದ ದ್ರವದ ಲೆಕ್ಕವನ್ನೂ ನೋಡಿ. ಕೆಒಎಚ್ ಬದಲು ಸುಣ್ಣ ಅಗ್ಗ, ಆದರೆ ಸಲ್ಫ್ಯೂರಿಕ್ ಆಮ್ಲದಿಂದ ಬಿಡಿಸುವಾಗ ಒಂದು ಟನ್ ಲ್ಯಾಕ್ಟಿಕ್ ಆಮ್ಲಕ್ಕೆ ಸುಮಾರು ಒಂದು ಟನ್ ಜಿಪ್ಸಂ ಬೀಳುತ್ತದೆ.